ಕೆನ್ಯಾದ 2024ಕ್ಕೆ ಒಂದೇ ಸಾಲು ಸಾಕೇ?

ಮಾನ್ಯ ಸಂಪಾದಕರೆ,

ನಿಮ್ಮ 2024ರ ಹಿನ್ನೋಟದ ಪುಟದಲ್ಲಿ ಕೆನ್ಯಾಕ್ಕೆ ಒಂದೇ ಸಾಲು ಸಿಕ್ಕಿದೆ. ತೆರಿಗೆ ವಿರೋಧಿಸಿ ದೊಂಬಿ, ಸಂಸತ್ತಿಗೆ ಬೆಂಕಿ, ಅಷ್ಟೆ. ಓದಿ ಮನಸ್ಸಿಗೆ ಕಸಿವಿಸಿಯಾಯಿತು. ನಾನು ಹನ್ನೊಂದು ವರ್ಷ ನೈರೋಬಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆದವನು. ಪ್ರತಿ ವರ್ಷ ಅಲ್ಲಿನ ಹಣಕಾಸು ಮಸೂದೆ ಬಂದಾಗ ಕೂತು ಓದುವುದು ನನ್ನ ಕೆಲಸ. ನಮ್ಮಂಥ ಲೆಕ್ಕದವರು, ವಕೀಲರು ಬಿಟ್ಟರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. 2024ರಲ್ಲಿ ಅದೇ ಮಸೂದೆಯನ್ನು ಮಟಾಟು ಎಂಬ ಖಾಸಗಿ ಮಿನಿಬಸ್ಸು ಹತ್ತಿ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಓದಿದರು. ನನ್ನ ಪಾಲಿಗೆ ಆ ವರ್ಷದ ಸುದ್ದಿ ಅದು.

ಮಸೂದೆಯಲ್ಲಿ ಏನಿತ್ತು ಎಂದು ಹೇಳಬೇಕು. ಬ್ರೆಡ್ಡಿಗೆ ಶೇ 16 ವ್ಯಾಟ್. ಅಡುಗೆ ಎಣ್ಣೆಗೆ ಶೇ 25 ಸುಂಕ. ಕಾರು ಇಟ್ಟುಕೊಂಡವರು ಪ್ರತಿ ವರ್ಷ ಅದರ ಬೆಲೆಯ ಶೇ 2.5 ಕಟ್ಟಬೇಕು. ಪರಿಸರದ ಹೆಸರಿನ ಇನ್ನೊಂದು ತೆರಿಗೆಯಿಂದ ಮಕ್ಕಳ ಡೈಪರ್, ಸ್ಯಾನಿಟರಿ ಪ್ಯಾಡ್ ಕೂಡ ದುಬಾರಿಯಾಗುತ್ತಿದ್ದವು. ಸರ್ಕಾರಕ್ಕೆ ಇದರಿಂದ 34,600 ಕೋಟಿ ಶಿಲ್ಲಿಂಗ್ ಬೇಕಿತ್ತು, ತಲೆ ಮೇಲೆ ದೊಡ್ಡ ಸಾಲವಿತ್ತು. ಆದರೆ ನೈರೋಬಿಯಲ್ಲಿ ಎಷ್ಟೋ ಮನೆಗಳ ಬೆಳಗಿನ ತಿಂಡಿಯೇ ಹಾಲು ಹಾಕಿ ಕುದಿಸಿದ ಚಹಾ ಮತ್ತು ಬ್ರೆಡ್ಡು. ಅದಕ್ಕೂ ತೆರಿಗೆ ಅಂದರೆ ಜನ ಸುಮ್ನೆ ಇರ್ತಾರಾ?

ಆ ಹುಡುಗರು ಮೊದಲು ಮಾಡಿದ ಕೆಲಸ ನೋಡಿ. ಇಂಗ್ಲಿಷಿನಲ್ಲಿದ್ದ ಮಸೂದೆಯನ್ನು ಸ್ವಾಹಿಲಿ, ಕಿಕುಯು, ಲುವೊ ಭಾಷೆಗಳಲ್ಲಿ ಬಿಡಿಸಿ ಹೇಳಿದರು. ಕಿವಿ ಕೇಳದವರಿಗಾಗಿ ಸನ್ನೆ ಭಾಷೆಯಲ್ಲೂ ವಿಡಿಯೊ ಮಾಡಿದರು. ಟಿಕ್‌ಟಾಕ್‌ನಲ್ಲಿ ಒಂದೊಂದು ಕಲಮು ಹಿಡಿದು ಇದು ನಿಮ್ಮ ಅಡುಗೆಮನೆಗೆ ಹೀಗೆ ತಟ್ಟುತ್ತದೆ ಎಂದು ವಿವರಿಸಿದರು. ನಾನು ಅಷ್ಟು ವರ್ಷ ಅಲ್ಲಿದ್ದೆ, ನನ್ನ ಅಂಗಡಿಯ ಕಾವಲುಗಾರನಿಗೆ ಒಂದು ದಿನವೂ ಬಜೆಟ್ಟನ್ನು ಅವನ ಭಾಷೆಯಲ್ಲಿ ಹೇಳಬೇಕು ಅನ್ನಿಸಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಜೂನ್ 18ರಂದು ಬೀದಿಗೆ ಇಳಿದರು. ಅವರಿಗೆ ನಾಯಕ ಇರಲಿಲ್ಲ, ಪಕ್ಷವೂ ಇರಲಿಲ್ಲ. ಕೆನ್ಯಾದ ರಾಜಕೀಯ ತಿಳಿದವರಿಗೆ ಇದು ಎಷ್ಟು ದೊಡ್ಡದು ಎಂದು ಗೊತ್ತು, ಅಲ್ಲಿ ವೋಟು ಬೀಳುವುದೇ ಬುಡಕಟ್ಟಿನ ಲೆಕ್ಕದಲ್ಲಿ. ಅದೇ ದಿನ ಸರ್ಕಾರ ಬ್ರೆಡ್ಡು, ಕಾರು, ಎಣ್ಣೆಯ ತೆರಿಗೆ ಕೈಬಿಟ್ಟಿತು. ಹುಡುಗರು ಹಿಂದೆ ಸರಿಯಲಿಲ್ಲ, ಇಡೀ ಮಸೂದೆಯೇ ಬೇಡ ಎಂದರು. ಜೂನ್ 25ರಂದು ಸಂಸತ್ತು 195–106 ಮತಗಳಿಂದ ಅದನ್ನು ಪಾಸು ಮಾಡಿತು. ಜನ ಒಳಗೆ ನುಗ್ಗಿದರು, ಕಟ್ಟಡದ ಒಂದು ಭಾಗಕ್ಕೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪು, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಪೊಲೀಸರು ಗುಂಡು ಹಾರಿಸಿದ್ದನ್ನೂ ಅದೇ ಸಾಲಿನಲ್ಲಿ ಬರೆಯಬೇಕಿತ್ತು, ಅಲ್ವಾ? ಆ ಚಳವಳಿಯಲ್ಲಿ ಸತ್ತವರು ಸುಮಾರು 60 ಮಂದಿ, ಅದು ಅಲ್ಲಿನ ಮಾನವ ಹಕ್ಕುಗಳ ಆಯೋಗವೇ ಕೊಟ್ಟ ಲೆಕ್ಕ. ಜೂನ್ 26ರಂದು ಅಧ್ಯಕ್ಷ ವಿಲಿಯಂ ರುಟೊ ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಜುಲೈ 11ಕ್ಕೆ ಹೆಚ್ಚುಕಡಿಮೆ ಇಡೀ ಮಂತ್ರಿಮಂಡಲವನ್ನೇ ಮನೆಗೆ ಕಳಿಸಿದರು.

ಆ ವರ್ಷ ಕೆನ್ಯಾ ಅನುಭವಿಸಿದ್ದು ಇನ್ನೂ ಜಾಸ್ತಿ ಇದೆ. ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದಿದ್ದ ಕೆಲ್ವಿನ್ ಕಿಪ್ಟಮ್ ಫೆಬ್ರುವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು ಬರೀ 24. ಸರ್ಕಾರಿ ವೈದ್ಯರ ಮುಷ್ಕರ 56 ದಿನ ನಡೆಯಿತು. ಏಪ್ರಿಲ್ ಕೊನೆಗೆ ಮಾಯ್ ಮಹಿಯು ಎಂಬ ಊರಿನ ಬಳಿ ಒಂದೇ ರಾತ್ರಿಯ ಪ್ರವಾಹದಲ್ಲಿ ಮಲಗಿದ್ದವರು ಮನೆ ಸಮೇತ ಕೊಚ್ಚಿಹೋದರು. ಸೆಪ್ಟೆಂಬರಿನಲ್ಲಿ ಎಂಡರಾಶಾ ಎಂಬ ಊರಿನ ಶಾಲೆಯ ಹಾಸ್ಟೆಲಿಗೆ ಬೆಂಕಿ ಬಿದ್ದು 21 ಹುಡುಗರು ಸತ್ತರು. ಅಕ್ಟೋಬರಿನಲ್ಲಿ ಉಪಾಧ್ಯಕ್ಷ ರಿಗತಿ ಗಚಾಗ್ವಾ ಅವರನ್ನು ಸಂಸತ್ತು ವಾಗ್ದಂಡನೆ ಮಾಡಿ ಇಳಿಸಿತು. ಇಷ್ಟರ ನಡುವೆ ಪ್ಯಾರಿಸ್ಸಿನಲ್ಲಿ ಫೇತ್ ಕಿಪ್ಯೆಗಾನ್ 1500 ಮೀಟರಿನಲ್ಲಿ ಸತತ ಮೂರನೇ ಒಲಿಂಪಿಕ್ ಚಿನ್ನ ಗೆದ್ದಳು.

ನಮ್ಮ ದೇಶಕ್ಕೆ ನೇರವಾಗಿ ತಟ್ಟುವ ಸುದ್ದಿಯೂ ಇತ್ತು. ನೈರೋಬಿಯ ವಿಮಾನ ನಿಲ್ದಾಣವನ್ನು 30 ವರ್ಷಕ್ಕೆ ಅದಾನಿ ಸಮೂಹಕ್ಕೆ ಕೊಡುವ ಪ್ರಸ್ತಾವದ ವಿರುದ್ಧ ಸೆಪ್ಟೆಂಬರಿನಲ್ಲಿ ಅಲ್ಲಿನ ನೌಕರರು ಕೆಲಸ ನಿಲ್ಲಿಸಿದರು. ಅಮೆರಿಕದಲ್ಲಿ ಗೌತಮ್ ಅದಾನಿ ವಿರುದ್ಧ ದೋಷಾರೋಪ ಬಂದ ಮೇಲೆ ನವೆಂಬರ್ 21ರಂದು ರುಟೊ ಸಂಸತ್ತಿನಲ್ಲೇ ಆ ಪ್ರಸ್ತಾವವನ್ನೂ ಅದೇ ಸಮೂಹದ ಜೊತೆಗಿನ ವಿದ್ಯುತ್ ಮಾರ್ಗಗಳ ಒಪ್ಪಂದವನ್ನೂ ರದ್ದು ಮಾಡಿದರು.

ಸಂಪಾದಕರೆ, ನಿಮ್ಮ ಪತ್ರಿಕೆಯನ್ನು ಓದುತ್ತಲೇ ಬೆಳೆದವನಾದ್ದರಿಂದ ಸಲುಗೆಯಿಂದ ಕೇಳುತ್ತಿದ್ದೇನೆ. ಬೀದಿಗೆ ಇಳಿದ ಆ ಹುಡುಗರಲ್ಲಿ ಕೆಲವರನ್ನು ನಂಬರ್ ಪ್ಲೇಟಿಲ್ಲದ ಗಾಡಿಗಳಲ್ಲಿ ಎತ್ತಿಕೊಂಡು ಹೋಗಿದ್ದಾರೆ. ಜೂನ್‌ನಿಂದ ಇಂಥ 82 ಪ್ರಕರಣ ನಡೆದಿದ್ದವು, 29 ಮಂದಿಯ ಪತ್ತೆಯೇ ಇರಲಿಲ್ಲ ಎಂದು 2024ರ ಡಿಸೆಂಬರ್ ಕೊನೆಯಲ್ಲಿ ಅದೇ ಮಾನವ ಹಕ್ಕುಗಳ ಆಯೋಗ ಹೇಳಿತ್ತು. ಅವರು ಮನೆಗೆ ಬಂದರೇ ಇಲ್ಲವೇ ಎಂಬುದನ್ನಾದರೂ ನಿಮ್ಮ ವಿದೇಶ ಪುಟದಲ್ಲಿ ಹಾಕಿ.

ಇತಿ,
ನಿಮ್ಮ ಹಳೆಯ ಓದುಗ
ಧಾರವಾಡ