ಗ್ಯಾಲರಿಗೆ ನೆರಳು, ಗೋಲ್‌ಕೀಪರ್ ಕಣ್ಣಿಗೆ ಬಿಸಿಲು

ಮಾನ್ಯ ಸಂಪಾದಕರೇ,

ನಮ್ಮ ಕೋಲಾರ ಜಿಲ್ಲೆಯಲ್ಲಿ ಕ್ರೀಡಾಂಗಣದ ಮಾತು ಬಂದಾಗಲೆಲ್ಲ ಮೊದಲ ಪ್ರಶ್ನೆ ಎಷ್ಟು ಕೋಟಿ ಎಂಬುದು, ಎರಡನೆಯದು ಗ್ಯಾಲರಿಯಲ್ಲಿ ಎಷ್ಟು ಜನ ಕೂರಬಹುದು ಎಂಬುದು. ಆಡುವ ನೆಲ ಯಾವ ದಿಕ್ಕಿಗಿದೆ, ಓಡಿ ಬಂದು ಗೆರೆ ದಾಟಿದ ಹುಡುಗ ನಿಲ್ಲುವುದಕ್ಕೆ ಎಷ್ಟು ಜಾಗವಿದೆ ಎಂದು ಯಾರೂ ಕೇಳುವುದಿಲ್ಲ. ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದವನು. ಶಾಲಾ ಪಂದ್ಯಗಳಿಗೂ ಊರ ಫುಟ್‌ಬಾಲ್ ಟೂರ್ನಿಗಳಿಗೂ ಸೀಟಿ ಊದಿದ್ದೇನೆ. ನನ್ನ ತಕರಾರು ಒಂದೇ: ನಕ್ಷೆಯಲ್ಲಿ ಮೊದಲು ಮೈದಾನ ಬರೆದು ಆಮೇಲೆ ಉಳಿದ ಜಾಗದಲ್ಲಿ ಗ್ಯಾಲರಿ ಕೂರಿಸಬೇಕು. ನಮ್ಮಲ್ಲಿ ನಡೆಯುತ್ತಿರುವುದು ಪೂರಾ ಉಲ್ಟಾ.

ನಮ್ಮ ಕಡೆಯ ಒಂದು ತಾಲ್ಲೂಕು ಮೈದಾನವನ್ನೇ ನೋಡಿ, ಊರಿನ ಹೆಸರು ಬೇಡ. ಅಲ್ಲಿ ರಸ್ತೆ ಪೂರ್ವ–ಪಶ್ಚಿಮವಾಗಿ ಹೋಗುತ್ತದೆ. ಗ್ಯಾಲರಿ ರಸ್ತೆಗೆ ಎದ್ದು ಕಾಣಲಿ ಎಂದು ಅದರ ಉದ್ದಕ್ಕೇ ಕಟ್ಟಿದರು. ಹಾಗಾಗಿ ಗೋಲ್ ಪೋಸ್ಟುಗಳು ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಹೋಗಿ ಕೂತವು. ಬಿಸಿಲಿನ ಕಾರಣಕ್ಕೆ ಪಂದ್ಯ ಶುರುವಾಗುವುದೇ ಸಂಜೆ ನಾಲ್ಕರ ಮೇಲೆ. ಮೊದಲರ್ಧದಲ್ಲಿ ಪೂರ್ವದ ಗೋಲಿನಲ್ಲಿ ನಿಂತವನು ಹೇಗೋ ಸಂಭಾಳಿಸುತ್ತಾನೆ. ವಿರಾಮ ಮುಗಿಯುವ ಹೊತ್ತಿಗೆ ಸೂರ್ಯ ತೆಂಗಿನ ಮರಗಳ ಮಟ್ಟಕ್ಕೆ ಇಳಿದಿರುತ್ತಾನೆ. ಆಗ ಆ ಗೋಲಿಗೆ ಬಂದ ಹುಡುಗ ಒಂದು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದೇ ಆಡಬೇಕು. ಬದಿಯಿಂದ ಎತ್ತರದಲ್ಲಿ ಒದ್ದು ಕಳಿಸುವ ಚೆಂಡನ್ನು, ಅಂದರೆ ಕ್ರಾಸ್ ಅನ್ನು, ಹಿಡಿಯುವುದಕ್ಕೆ ಎರಡೂ ಕೈ ಬೇಕು. ಅಡ್ಡ ಹಿಡಿದ ಕೈ ತೆಗೆದನೋ, ಚೆಂಡು ಬೆಳಕಿನಲ್ಲಿ ಮಾಯ. ನೆರಳಲ್ಲಿ ಕೂತ ಗ್ಯಾಲರಿಯಿಂದ ‘ಕಣ್ ಕಾಣಲ್ವೇನೋ’ ಎಂಬ ಕೂಗು ಬೇರೆ. ನಿಜವಾಗಿಯೂ ಕಾಣುವುದಿಲ್ಲ ಸ್ವಾಮಿ! ಗೋಲ್‌ಕೀಪರ್ ಟೋಪಿ ಹಾಕಬಹುದೆಂದು ನಿಯಮದಲ್ಲೇ ಇದೆ. ಆದರೆ ಕಣ್ಣಿನ ಮಟ್ಟಕ್ಕೇ ಇಳಿದ ಸೂರ್ಯನಿಗೆ ಟೋಪಿ ಅಡ್ಡ ಬರುವುದಿಲ್ಲ.

ವಿರಾಮದ ನಂತರ ಎರಡೂ ತಂಡ ಜಾಗ ಬದಲಿಸುತ್ತವಲ್ಲ, ಲೆಕ್ಕ ಸರಿಹೋಯಿತು ಎನ್ನುವವರಿದ್ದಾರೆ. ಹೇಗೆ ಸರಿಹೋಗುತ್ತದೆ? ನಾಲ್ಕೂಕಾಲರ ಬಿಸಿಲೇ ಬೇರೆ, ಐದೂವರೆಯ ಬಿಸಿಲೇ ಬೇರೆ. ಚಾಲಾಕಿ ಕ್ಯಾಪ್ಟನ್‌ಗಳಿಗೆ ಇದು ಗೊತ್ತು. ಟಾಸ್ ಗೆದ್ದರೆ ಮೊದಲರ್ಧದ ಬಿಸಿಲನ್ನು ತಾವೇ ಕೇಳಿ ತೆಗೆದುಕೊಂಡು, ಕೊನೆಯ ನಲವತ್ತೈದು ನಿಮಿಷ ಎದುರಾಳಿಯನ್ನು ಸೂರ್ಯನಿಗೆ ಎದುರು ನಿಲ್ಲಿಸುತ್ತಾರೆ. ಮೈದಾನದ ಉದ್ದ ಉತ್ತರ–ದಕ್ಷಿಣಕ್ಕಿದ್ದರೆ ಈ ಗೋಳೇ ಇರುವುದಿಲ್ಲ. ಮನೆಯ ಬಾಗಿಲು ಯಾವ ದಿಕ್ಕಿಗೆ ಬರಬೇಕೆಂದು ವಾಸ್ತುವಿನವರನ್ನು ಮನೆತನಕ ಕರೆಸುವ ನಾವು, ಗೋಲಿನ ದಿಕ್ಕು ನೋಡುವುದಕ್ಕೆ ಒಂದು ದಿಕ್ಸೂಚಿ ಹಿಡಿಯುವುದಿಲ್ಲ.

ದುಡ್ಡಿದ್ದವರಿಗೂ ಈ ತಪ್ಪು ತಪ್ಪಿಲ್ಲ. ಅಮೆರಿಕದ ಡಲ್ಲಾಸ್ ಕೌಬಾಯ್ಸ್ ತಂಡದ ಎಟಿ ಅಂಡ್ ಟಿ ಸ್ಟೇಡಿಯಂ 2009ರಲ್ಲಿ ಶುರುವಾಯಿತು. ಅಲ್ಲಿ ಆಡುವುದು ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲ್. ಮೈದಾನ ಹೆಚ್ಚುಕಡಿಮೆ ಪೂರ್ವ–ಪಶ್ಚಿಮಕ್ಕಿದೆ, ಪಶ್ಚಿಮದ ತುದಿಗೆ ಪೂರ್ತಿ ಗಾಜು. 2024ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧದ ಪಂದ್ಯದಲ್ಲಿ ಸೀಡೀ ಲ್ಯಾಂಬ್ ಎಂಬ ಆಟಗಾರನಿಗೆ ತನ್ನತ್ತ ಎಸೆದ ಚೆಂಡೇ ಕಾಣಲಿಲ್ಲ. ಸ್ಕೋರ್ ಆಗಬೇಕಿದ್ದ ಅವಕಾಶ ಕೈತಪ್ಪಿತು. ಗಾಜಿಗೆ ಪರದೆ ಹಾಕಿಸಿ ಎಂದು ಆಟಗಾರ ಕೇಳಿದರೆ ಮಾಲೀಕ ಜೆರ್ರಿ ಜೋನ್ಸ್ ಒಪ್ಪಲಿಲ್ಲ. ಇದೇ ಕ್ರೀಡಾಂಗಣದಲ್ಲಿ 2009ರ ಅಭ್ಯಾಸ ಪಂದ್ಯವೊಂದರಲ್ಲಿ ಒದ್ದ ಚೆಂಡು ನಡುಮೈದಾನದ ಮೇಲೆ ತೂಗುಹಾಕಿದ್ದ ದೈತ್ಯ ಟಿ.ವಿ. ಪರದೆಗೆ ಹೋಗಿ ಬಡಿದಿತ್ತು! ಆ ಟಿ.ವಿ. ಪರದೆಯನ್ನು ತೆಗೆಯಲಿಲ್ಲ. ಚೆಂಡು ಬಡಿದರೆ ಆ ಆಟವನ್ನು ಮತ್ತೆ ಆಡಿಸಬೇಕೆಂದು ನಿಯಮ ಮಾಡಿಕೊಂಡರು.

ಬಿಸಿಲು ಜಾಸ್ತಿಯಾದರೆ ಇಂಥ ಕಥೆ, ಬಿಸಿಲೇ ಬೀಳದಿದ್ದರೆ ಇನ್ನೊಂದು. 1996ರಲ್ಲಿ ಆರಂಭವಾದ ಆಮ್‌ಸ್ಟರ್‌ಡ್ಯಾಮ್ ಅರೇನಾ ಫುಟ್‌ಬಾಲ್ ಕ್ರೀಡಾಂಗಣದ ಎತ್ತರದ ಗ್ಯಾಲರಿ ಮತ್ತು ಚಾವಣಿಯಿಂದಾಗಿ ಹುಲ್ಲಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ. ಬೇರು ಹಿಡಿಯದ ಹುಲ್ಲನ್ನು ಮತ್ತೆ ಮತ್ತೆ ಕಿತ್ತು ಹೊಸದು ಹಾಸಿದರು, ಕೊನೆಗೆ ಕೃತಕ ದೀಪಗಳ ಕೆಳಗೆ ಹುಲ್ಲು ಬೆಳೆಸುವುದನ್ನು ಕಲಿತರು. 1990ರ ವಿಶ್ವಕಪ್‌ಗೆಂದು ಮೂರನೇ ಅಂತಸ್ತು, ಚಾವಣಿ ಏರಿಸಿಕೊಂಡ ಮಿಲಾನಿನ ಸಾನ್ ಸಿರೊ ಕ್ರೀಡಾಂಗಣ ಪಟ್ಟ ಪಾಡೂ ಇದೇ. 2024ರ ಕೋಪಾ ಅಮೆರಿಕ ಫುಟ್‌ಬಾಲ್ ಟೂರ್ನಿಯ ಮೊದಲ ಪಂದ್ಯಕ್ಕೆ ಅಟ್ಲಾಂಟಾದಲ್ಲಿ ಕೃತಕ ಹಾಸಿನ ಮೇಲೆ ಹುಲ್ಲು ಹಾಸಿದ್ದರು. ಗೆದ್ದ ಅರ್ಜೆಂಟೀನಾದ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಅವರೇ ಮೈದಾನ ಚೆನ್ನಾಗಿಲ್ಲ ಎಂದು ಬೈದರು.

ಇನ್ನು ಟ್ರ್ಯಾಕ್ ವಿಚಾರ. ನಮಗೆ ಹತ್ತಿರದ ದೊಡ್ಡ ಫುಟ್‌ಬಾಲ್ ಎಂದರೆ ಬೆಂಗಳೂರಿನ ಕಂಠೀರವ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮರುವರ್ಷ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಬಿಟ್ಟು ಅಲ್ಲಿಗೆ ಹೋಯಿತು. ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ಪಂದ್ಯ ನೋಡಲು ಹೋಗುವವರಿದ್ದಾರೆ. ರಾತ್ರಿ ವಾಪಸು ರೈಲು ಸಿಗುವುದು ಬೇರೆಯೇ ಪುರಾಣ, ಅದನ್ನು ಇನ್ನೊಂದು ಪತ್ರದಲ್ಲಿ ಬರೆಯುತ್ತೇನೆ. ಕಂಠೀರವ ಮೂಲತಃ ಅಥ್ಲೆಟಿಕ್ಸ್ ಕ್ರೀಡಾಂಗಣ. ಮೈದಾನದ ಸುತ್ತ ಓಟದ ಟ್ರ್ಯಾಕ್. ಗೋಲಿನ ಹಿಂದೆ ಕೂತವರಿಗೆ ಆಚೆ ತುದಿಯ ಆಟ ಅಂದಾಜಿನ ಮೇಲೆಯೇ.

ಇದು ನೋಡುವವರ ಗೋಳು ಮಾತ್ರ ಅಂದುಕೊಳ್ಳಬೇಡಿ. 400 ಮೀಟರಿನ ಪ್ರಮಾಣಿತ ಟ್ರ್ಯಾಕ್‌ನಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಶಿಫಾರಸು ಮಾಡುವ 105×68 ಮೀಟರಿನ ಮೈದಾನವನ್ನು ಅದರ ಒಳಗೆ ಕೂರಿಸಿ ನೋಡಿ. ಮೈದಾನದ ಉದ್ದನೆಯ ಬದಿಯ ಗೆರೆ, ಅಂದರೆ ಟಚ್‌ಲೈನ್ ಪಕ್ಕದಲ್ಲಿ ಎರಡೂವರೆ ಮೀಟರ್ ಉಳಿಯುತ್ತದೆ. ಕಾರ್ನರ್ ಬಾವುಟದಿಂದ ಟ್ರ್ಯಾಕ್‌ನ ಒಳ ಅಂಚಿಗೆ ಒಂದು ಮೀಟರೂ ಸಿಗುವುದಿಲ್ಲ. ಕಾರ್ನರ್ ಕಿಕ್ ಹೊಡೆಯುವವನು ಅಡಿಗೆ ಗುಬುಟುಗಳಿರುವ ಸ್ಟಡ್ ಬೂಟಿನಲ್ಲಿ ಸಿಂಥೆಟಿಕ್ ಟ್ರ್ಯಾಕ್ ಮೇಲೆ ನಿಂತು, ಅಲ್ಲಿಂದ ಓಡಿಬಂದು, ಅಂಚು ದಾಟಿ, ಹುಲ್ಲಿನ ಮೇಲೆ ಕಾಲೂರಿ ಒದೆಯಬೇಕು. ಟ್ರ್ಯಾಕ್ ಹಾಳಾಗದಿರಲಿ, ಆಟಗಾರ ಜಾರದಿರಲಿ ಎಂದು ಮೂಲೆಗೆ ಕೃತಕ ಹುಲ್ಲಿನ ಚಾಪೆ ಹಾಸುತ್ತಾರೆ. ಗೋಲಿನ ಹಿಂದೆ ಮಾತ್ರ ಯಾರಿಗೂ ಬೇಡದಷ್ಟು ಜಾಗ: ಟ್ರ್ಯಾಕ್‌ಗೆ 26 ಮೀಟರ್, ಎಂಟು ಲೇನ್ ಸೇರಿದರೆ ಸುಮಾರು 36 ಮೀಟರ್. ಅಂದರೆ ಬೇಕಾದ ಕಡೆ ಇಕ್ಕಟ್ಟು, ಬೇಡದ ಕಡೆ ಬಯಲು. ಇಟಲಿಯ ಯುವೆಂಟಸ್ ತಂಡಕ್ಕೆ ಟ್ರ್ಯಾಕ್ ಸುತ್ತಿದ ದೆಲ್ಲೆ ಆಲ್ಪಿ ಕ್ರೀಡಾಂಗಣ ಸಾಕುಸಾಕಾಗಿ, ಅದನ್ನು ಕೆಡವಿಸಿ ಅದೇ ಜಾಗದಲ್ಲಿ 2011ರಲ್ಲಿ ಟ್ರ್ಯಾಕ್ ಇಲ್ಲದ ಹೊಸದನ್ನು ಕಟ್ಟಿಕೊಂಡಿತು. ನಮಗೆ ಅಂಥ ಶಕ್ತಿಯಿಲ್ಲ, ಓಟಗಾರರ ಜಾಗ ಕಿತ್ತುಕೊಳ್ಳಿ ಎಂದೂ ನಾನು ಹೇಳುತ್ತಿಲ್ಲ. ಕಂಠೀರವದಲ್ಲಿ ಅಥ್ಲೀಟುಗಳಿಗೂ ಫುಟ್‌ಬಾಲ್‌ಗೂ ನಡೆದ ತಿಕ್ಕಾಟವನ್ನು ಜಿಲ್ಲೆಗೆ ತರುವುದು ಬೇಡ. ಎರಡನ್ನೂ ಒಂದೇ ಕಡೆ ತುರುಕುವಾಗ ಮೂಲೆಗಳ ಗತಿ ಏನೆಂದು ನಕ್ಷೆಯಲ್ಲೇ ತೋರಿಸಲಿ, ಅಷ್ಟೇ.

ನಮ್ಮ ತಾಲ್ಲೂಕು ಮೈದಾನಗಳಿಗೆ ಇವೆಲ್ಲದರ ಜೊತೆಗೆ ನಮ್ಮದೇ ಆದ ಕೊಡುಗೆಗಳಿವೆ. ನಡುಮಧ್ಯೆ ಕ್ರಿಕೆಟ್‌ಗೆಂದು ಸಿಮೆಂಟ್ ಪಿಚ್. ಕೆಂಪು ಮಣ್ಣಿನಲ್ಲಿ ಮೊಣಕಾಲಿನ ಮಟ್ಟಕ್ಕೆ ಪುಟಿಯುವ ಚೆಂಡು ಸಿಮೆಂಟಿನ ಮೇಲೆ ಬಿದ್ದರೆ ತಲೆಯ ಮೇಲಿಂದ ಹಾರುತ್ತದೆ, ಬಿದ್ದ ಹುಡುಗನ ಮೊಣಕೈ ಚರ್ಮ ಕಿತ್ತುಬರುತ್ತದೆ. ನಾನು ಹೇಳಿದ ಮೈದಾನದಲ್ಲಿ ಧ್ವಜಕಟ್ಟೆ ಟಚ್‌ಲೈನ್‌ಗೆ ಎಷ್ಟು ಹತ್ತಿರವಿದೆಯೆಂದರೆ, ಬಾವುಟ ಹಿಡಿದ ಲೈನ್ಸ್‌ಮನ್ ಅದನ್ನು ಸುತ್ತುಹಾಕಲು ಮೈದಾನದೊಳಕ್ಕೆ ಇಳಿಯಬೇಕು. ಆ ಹೊತ್ತಿಗೇ ಆಫ್‌ಸೈಡ್ ಆದರೆ ದೇವರೇ ಗತಿ. ವಿಂಗ್‌ನಲ್ಲಿ ಆಡುವವರಂತೂ ಕಟ್ಟೆ ಹತ್ತಿರವಾದಾಗ ತಾವಾಗಿಯೇ ವೇಗ ತಗ್ಗಿಸುತ್ತಾರೆ, ಚೆಂಡು ಹೋದರೆ ಹೋಗಲಿ ಎಂದು. ಮೂಲೆಯ ಚರಂಡಿಗೆ ಮುಚ್ಚಿದ ಚಪ್ಪಡಿ ಒಂದು ಕಡೆ ಮೇಲೆದ್ದಿದೆ, ಕಾರ್ನರ್ ಕಿಕ್‌ಗೆ ಓಡಿಬರುವ ದಾರಿ ಅದೇ. ರಾಜಕೀಯ ಸಭೆ ನಡೆದ ಮೇಲೆ ಶಾಮಿಯಾನದ ಗೂಟ ಕಿತ್ತ ಗುಂಡಿಗಳನ್ನು ಮುಚ್ಚುವುದು ಪಿ.ಟಿ. ಮೇಷ್ಟ್ರ ಪಾಲು. ಫಿಫಾದ ಮಾರ್ಗಸೂಚಿ ಮೈದಾನ ಮತ್ತು ಸುತ್ತಲಿನ ಖಾಲಿ ಜಾಗ ಸೇರಿ 125×85 ಮೀಟರ್ ಇರಲಿ ಎನ್ನುತ್ತದೆ. ನಮಗೆ ಅಷ್ಟು ಸಿಗದಿರಬಹುದು, ಆದರೆ ಇರುವ ಜಾಗಕ್ಕೆ ಕಟ್ಟೆ ಕಟ್ಟಿ ಕಡಿಮೆ ಮಾಡುವುದು ಯಾವ ನ್ಯಾಯ?

ಇದು ಫುಟ್‌ಬಾಲ್ ಗೊತ್ತಿಲ್ಲದ ಜಿಲ್ಲೆಯಲ್ಲ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಕೆಜಿಎಫ್‌ನ ಕಾಲೊನಿ ಹುಡುಗರು ಚೆಂಡು ಬಿಟ್ಟಿಲ್ಲ. ಗಾಳಿಗಾಲದಲ್ಲಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ದೂಳು ಕಣ್ಣಿಗೆ ಬಿದ್ದರೂ ಆಡುತ್ತಾರೆ. ಅಂಥವರಲ್ಲಿ ಹಳೆಯ ಆಟಗಾರರು, ರೆಫರಿಗಳು ಬೇಕಾದಷ್ಟಿದ್ದಾರೆ. ಹೊಸ ಕ್ರೀಡಾಂಗಣದ ಎಸ್ಟಿಮೇಟ್ ತಯಾರಾಗುವ ಮೊದಲೇ ಅವರಲ್ಲಿ ಒಬ್ಬರನ್ನೂ ಒಬ್ಬ ಅಥ್ಲೆಟಿಕ್ಸ್ ಕೋಚ್‌ರನ್ನೂ ಜಾಗಕ್ಕೆ ಕರೆದೊಯ್ದು, ನಕ್ಷೆಯ ಮೇಲೆ ಅವರ ಸಹಿ ತೆಗೆದುಕೊಳ್ಳಲಿ. ಶಂಕುಸ್ಥಾಪನೆಯ ದಿನ ಹಾರ ಹಾಕುವುದಕ್ಕೆ ಕರೆದರೆ ಪ್ರಯೋಜನವಿಲ್ಲ. ಈಗಿರುವ ಮೈದಾನಗಳಲ್ಲಿ ಸಿಮೆಂಟ್ ಪಿಚ್ಚನ್ನು ಒಂದು ಬದಿಗೆ ಹಾಕಿಸಿ, ಚರಂಡಿಯ ಚಪ್ಪಡಿ ನೆಲಮಟ್ಟಕ್ಕೆ ಇಳಿಸಿ, ಧ್ವಜಕಟ್ಟೆಯನ್ನು ಗೋಲಿನ ಹಿಂಬದಿಯ ಖಾಲಿ ಜಾಗಕ್ಕೆ ಸಾಗಿಸುವುದಕ್ಕೆ ಕೋಟಿಗಳೇನೂ ಬೇಕಿಲ್ಲ. ಜನವರಿ 26ರ ಕವಾಯತಿಗೆ ಹೇಗೂ ಕಟ್ಟೆಗೆ ಸುಣ್ಣಬಣ್ಣ ಆಗುತ್ತದೆ. ಈ ಸಲ ಆ ಕೆಲಸ ಶುರುವಾಗುವ ಮುಂಚೆಯೇ ಕಟ್ಟೆಯ ಜಾಗ ಬದಲಾಗಲಿ ಎಂದು ಸಂಬಂಧಪಟ್ಟವರಲ್ಲಿ ನನ್ನ ವಿನಂತಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಬಂಗಾರಪೇಟೆ