ರಗ್ಬಿ ಆಯ್ಕೆ: ಬೆಂಚಿನ ಲೆಕ್ಕವೂ ಇರಲಿ

ಮಾನ್ಯರೇ,

ರಾಷ್ಟ್ರೀಯ ರಗ್ಬಿ ತಂಡ ಪ್ರಕಟವಾದಾಗಲೆಲ್ಲ ಚರ್ಚೆ ಮೊದಲ 15 ಹೆಸರುಗಳಿಗೇ ನಿಂತುಬಿಡುತ್ತದೆ. ಪಂದ್ಯ ತಿರುಗುವುದು ಬೆಂಚಿನ 8 ಮಂದಿಯಿಂದ, ಅಂದರೆ ಬದಲಿ ಆಟಗಾರರಿಂದ. ಅದರಲ್ಲಿ ಮೂವರು, ಸ್ಕ್ರಮ್‌ನ (ಎರಡೂ ತಂಡಗಳು ಹೆಗಲುಗೂಡಿಸಿ ತಳ್ಳಾಡುವ ಘಟ್ಟ) ಮುಂಚೂಣಿಯ ಜಾಗಗಳಿಗೆ, ಅಂದರೆ ಎರಡೂ ಬದಿಯ ಪ್ರಾಪ್ ಮತ್ತು ನಡುವಿನ ಹುಕರ್ ಜಾಗಕ್ಕೆ ಪಳಗಿದವರೇ ಆಗಿರಬೇಕು. ಆಯ್ಕೆಗಾರರ ಕೈಗೆ ಉಳಿಯುವುದು ಐದೇ ಸ್ಥಾನ.

ಬೆಂಚನ್ನು 6 ಫಾರ್ವರ್ಡ್ (ಸ್ಕ್ರಮ್‌ನಲ್ಲಿ ತಳ್ಳುವವರು), 2 ಬ್ಯಾಕ್ (ಹಿಂದೆ ನಿಂತು ಚೆಂಡು ಹಿಡಿದು ಓಡುವವರು) ಎಂದು ಹಂಚಿದರೆ ಕೊನೆಯ 20 ನಿಮಿಷ ಸ್ಕ್ರಮ್‌ಗೆ ಹೊಸ ಕಸುವು ಬರುತ್ತದೆ, ಒಪ್ಪೋಣ. ಮೊದಲರ್ಧದಲ್ಲೇ ಮೂವರು ಬ್ಯಾಕ್‌ಗಳು ಗಾಯಗೊಂಡರೆ ಫಾರ್ವರ್ಡ್ ಆದ ಫ್ಲ್ಯಾಂಕರ್, ಮೈದಾನದ ಅಂಚಿನ ಬ್ಯಾಕ್ ಜಾಗವಾದ ವಿಂಗ್‌ನಲ್ಲಿ ಓಡಬೇಕಾದೀತು!

2023ರ ವಿಶ್ವಕಪ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 7 ಫಾರ್ವರ್ಡ್, 1 ಬ್ಯಾಕ್ ಇದ್ದ ಬೆಂಚಿನೊಂದಿಗೆ 12–11ರಿಂದ ಗೆದ್ದಿತು, ನಿಜ. ಆದರೆ ಹುಕರ್ ಎಂಬೊನಾಂಬಿ ಆರಂಭದಲ್ಲೇ ಗಾಯಗೊಂಡು ಹೊರನಡೆದಾಗ, ಫ್ಲ್ಯಾಂಕರ್ ಆಗಿಯೂ ಆಡುವ ಡಿಯಾನ್ ಫೂರಿ ಚೆಂಡೆಸೆಯಬೇಕಾಯಿತು, ಲೈನ್‌ಔಟ್ (ಗೆರೆಯಾಚೆ ಹೋದ ಚೆಂಡನ್ನು ಮತ್ತೆ ಒಳಗೆಸೆಯುವ ಘಟ್ಟ) ತಡವರಿಸಿತು. ಪಳಗಿದ ಬದಲಿ ಇಲ್ಲದಿದ್ದರೆ ಹೀಗೇ. ಹಾಗಾಗಿ ಏಳನೆಯ ಫಾರ್ವರ್ಡ್‌ಗೆ ಮಣೆ ಹಾಕುವ ಮುನ್ನ, ಸ್ಕ್ರಮ್-ಹಾಫ್ (ಸ್ಕ್ರಮ್‌ನಿಂದ ಚೆಂಡೆತ್ತಿ ಬ್ಯಾಕ್‌ಗಳಿಗೆ ಕೊಡುವವನು) ಜಾಗ ತುಂಬಬಲ್ಲ ಇನ್ನೊಬ್ಬ ಯಾರೆಂದು ಆಯ್ಕೆಗಾರರು ಹೇಳಲಿ.

– ರಗ್ಬಿ ಅಭಿಮಾನಿ