ಸೋಲಾರ್ ಹಾಕಿಸುವವರ ಗಮನಕ್ಕೆ: ಡಿಸಿ ಎಂಸಿಬಿ ಮತ್ತು ಫ್ಯೂಸ್

ಎಲ್ಲರಿಗೂ ನಮಸ್ಕಾರ. ನವನಗರದ ನಮ್ಮ ಓಣಿಯಲ್ಲಿ ಒಬ್ಬೊಬ್ಬರಾಗಿ ಸೋಲಾರ್ ಹಾಕಿಸುತ್ತಿದ್ದೀರಿ, ತುಂಬಾ ಸಂತೋಷ. ಆದರೆ ಪ್ಯಾನಲ್‌ನಿಂದ ಇನ್ವರ್ಟರ್‌ಗೆ ಬರುವ ಲೈನಿಗೆ ಮನೆಯ ಮಾಮೂಲಿ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನೇ ಆಫ್ ಆಗುವ ಸ್ವಿಚ್) ಹಾಕಲು ದಯವಿಟ್ಟು ಬಿಡಬೇಡಿ.

ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ. ಎಂಸಿಬಿ ಬಿದ್ದಾಗ ಒಳಗೆ ಏಳುವ ಕಿಡಿ ಆಗಲೇ ಆರುತ್ತದೆ. ಪ್ಯಾನಲ್‌ನಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಅದು ಸೊನ್ನೆಗೆ ಬರುವುದೇ ಇಲ್ಲ. ಕಿಡಿ ಆರದೆ ಉರಿಯುತ್ತಲೇ ಇರುತ್ತದೆ, ಎಂಸಿಬಿ ಕರಗಿ ಬಾಕ್ಸಿಗೇ ಬೆಂಕಿ ಹತ್ತಬಹುದು.

ಇದಕ್ಕೆ ಡಿಸಿ ಎಂಸಿಬಿಯೇ ಬೇಕು. ಅಂಗಡಿಯಲ್ಲಿ ಬರೀ ಆಂಪಿಯರ್ ಹೇಳಿ ತರಬೇಡಿ. ಡಿಸಿ ವೋಲ್ಟೇಜ್ ಎಷ್ಟು ಬರೆದಿದೆ ನೋಡಿ, ಅದೇ ಮುಖ್ಯ. 540 ವ್ಯಾಟಿನ ಒಂದು ಪ್ಯಾನಲ್ ಲೋಡ್ ಇಲ್ಲದಾಗ ಸುಮಾರು 50 ವೋಲ್ಟ್ ಕೊಡುತ್ತದೆ. ಹತ್ತು ಪ್ಯಾನಲ್ ಸೀರೀಸ್‌ನಲ್ಲಿ ಜೋಡಿಸಿದರೆ 500 ಆಯ್ತು, ಅಲ್ವಾ? ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಇನ್ನೂ ಜಾಸ್ತಿ. ಇಂಥ ಕಡೆ ನನ್ನ ಮಾತು ಕೇಳಿದರೆ 1000 ವೋಲ್ಟ್ ಡಿಸಿಯದೇ ತನ್ನಿ. ಕೆಲವು ಡಿಸಿ ಎಂಸಿಬಿಗಳಲ್ಲಿ ಪ್ಲಸ್, ಮೈನಸ್ ಗುರುತು ಇರುತ್ತದೆ. ಉಲ್ಟಾ ಜೋಡಿಸಿದರೆ ಅದೂ ಸುಡುತ್ತದೆ, ಕೆಲಸದವರ ಪಕ್ಕ ನಿಂತು ನೋಡಿ.

ಫ್ಯೂಸ್ ಆದರೆ ಅದರ ಮೇಲೆ ‘ಜಿಪಿವಿ’ (gPV, ಅಂದರೆ ಸೋಲಾರ್‌ಗೆಂದೇ ಮಾಡಿದ್ದು) ಗುರುತು ಇರಲೇಬೇಕು. ಎಷ್ಟು ಆಂಪಿಯರ್ ಮೀರಬಾರದು ಅಂತ ಪ್ಯಾನಲ್ ಹಿಂದಿನ ಲೇಬಲ್‌ನಲ್ಲೇ ಇದೆ.

ಇನ್ನೊಂದು. ಬಿಸಿಲಿನಲ್ಲಿ ಸೋಲಾರ್ ನಡೆಯುವಾಗ ಫ್ಯೂಸ್ ಎಳೆಯಲೇಬೇಡಿ. ಮೊದಲು ಇನ್ವರ್ಟರ್ ಆಫ್ ಮಾಡಿ, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನಲ್ ಲೈನನ್ನು ಕಡಿದು ಬೇರೆ ಮಾಡುವ ಸ್ವಿಚ್).

ಈಗಾಗಲೇ ಹಾಕಿಸಿದವರು ಬಾಕ್ಸಿನ ಹೊರಗಿನಿಂದಲೇ ಎಂಸಿಬಿಯ ಫೋಟೊ ತೆಗೆದು ಇಲ್ಲಿ ಹಾಕಿ, ಸೇರಿ ನೋಡೋಣ.